ಮೂವತ್ತೇಳು ವರ್ಷ ತಡವಾಗಿ ಹಾಡಿದ ಕಿಟ್ ರೇಡಿಯೊ

1987ರಲ್ಲಿ ವಿ.ಪಿ. (ಅಂಚೆಯವನಿಗೆ ದುಡ್ಡು ಕೊಟ್ಟು ಬಿಡಿಸಿಕೊಳ್ಳುವ ಪಾರ್ಸೆಲ್) ಮೂಲಕ ತರಿಸಿದ, ಬಿಡಿ ಭಾಗ ಜೋಡಿಸಿ ನಾವೇ ಮಾಡಿಕೊಳ್ಳುವ ರೇಡಿಯೊ ಕಿಟ್ 2024ರಲ್ಲಿ ಧಾರವಾಡ ಆಕಾಶವಾಣಿ ಹಿಡಿಯಿತು. ಗದಗಿನ ನಮ್ಮ ಮನೆಯಲ್ಲಿ, ಅದೇ ಬೋರ್ಡು, ಅದೇ ಟ್ರಾನ್ಸಿಸ್ಟರ್. ಟಿವಿ ರಿಪೇರಿ ಮಾಡುವ ನನ್ನ ಗೆಳೆಯ ಮೊದಲೇ ಹೇಳಿದ್ದ: "ಅದು ಸತ್ತು ಮಣ್ಣಾಗೇತಿ. ಸುಮ್ನ ಟೈಮ್ ಹಾಳ ಮಾಡ್ಕೋಬ್ಯಾಡ." ಅವನಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ ಅಂದರೂ ತಪ್ಪಿಲ್ಲ.

ಆಗ ನಾನು ಎಂಟನೇ ಕ್ಲಾಸು. ಅಂಚೆಯವನಿಗೆ ಕೊಟ್ಟದ್ದು 68 ರೂಪಾಯಿ ಇರಬೇಕು. ಅಪ್ಪನನ್ನು ಕೇಳುವ ಧೈರ್ಯ ಇರಲಿಲ್ಲ, ಕಾಕಾ ಕೊಟ್ಟ. ದಿಲ್ಲಿಯಿಂದ ಬಂದ ರಟ್ಟಿನ ಡಬ್ಬಿಯಲ್ಲಿ ಕಂದು ಬೋರ್ಡು, ಏರಿಯಲ್ ಕೆಲಸ ಮಾಡುವ ಫೆರೈಟ್ ಕಡ್ಡಿ, ಸ್ಟೇಶನ್ ಹುಡುಕಲು ತಿರುಗಿಸುವ 2ಜೆ ಗ್ಯಾಂಗು, ಎರಡು ಓಎ79 ಡಯೋಡು, ಒಂದು ಎಎಫ್117, ಒಂದು ಎಸಿ126 (ಎರಡೂ ಜರ್ಮೇನಿಯಂ ಟ್ರಾನ್ಸಿಸ್ಟರು), ಚೋಕು ಅನ್ನುವ ತಂತಿಸುರುಳಿ ಮತ್ತು ಇಯರ್‌ಫೋನು ಇದ್ದವು. ರಿಫ್ಲೆಕ್ಸ್ ಸರ್ಕೀಟು. ಒಂದೇ ಟ್ರಾನ್ಸಿಸ್ಟರಿನ ಹತ್ತಿರ ಎರಡು ಸಲ ದುಡಿಸಿಕೊಳ್ಳುವ ಜಿಪುಣರ ವಿದ್ಯೆ ಅದು.

ಮನೆಯಲ್ಲಿ ಬೆಸುಗೆ ಹಾಕುವ ಕರೆಂಟಿನ ಐರನ್ ಇರಲಿಲ್ಲ. ಇದ್ದಲಿ ಒಲೆಯಲ್ಲಿ ಕಾಯಿಸುವ ತಾಮ್ರದ ಐರನ್ ಒಂದಿತ್ತು. ಬೆಸುಗೆಯ ಪೇಸ್ಟಿಗೂ ದುಡ್ಡಿಲ್ಲ. ಕಲಾಯಿ ಹಾಕುವವನ ಹತ್ತಿರ ನವಸಾಗರ ಬೇಡಿ ತಂದು ಹಚ್ಚಿದೆ. ಪಾತ್ರೆಗೆ ಸರಿ, ಬೋರ್ಡಿಗೆ ವಿಷ. ರೇಡಿಯೊ "ಕುಂಯ್" ಅಂದಿತೇ ಹೊರತು ಒಂದು ಮಾತೂ ಕೇಳಿಸಲಿಲ್ಲ. ಹದಿನೈದು ದಿನದಲ್ಲಿ ತಾಮ್ರದ ಗೆರೆಗಳು ಹಸಿರಾದವು. "ಅರವತ್ತೆಂಟು ರೂಪಾಯಿ ಕುಂಯ್" ಅಂತ ಕಾಕಾ ಎಷ್ಟೋ ವರ್ಷ ನನ್ನನ್ನು ಕಾಡಿಸಿದ.

ಮನೆಗೆ ಸುಣ್ಣ ಹಚ್ಚಿಸುವಾಗ ಬಿಸ್ಕೀಟಿನ ಡಬ್ಬಿಯಲ್ಲಿ ಅದೆಲ್ಲ ಮತ್ತೆ ಸಿಕ್ಕಿತು.

ಬೋರ್ಡನ್ನು ಸ್ಪಿರಿಟ್ ಹಾಕಿ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿದೆ. ತಿಂದುಹೋದ ಗೆರೆಗಳ ಮೇಲೆ ವೈರ್ ಹಾಕಿದೆ. ಆದರೂ ಸದ್ದಿಲ್ಲ. ಈಗ ಕುಂಯ್ ಕೂಡ ಇಲ್ಲ! ಎಎಫ್117 ಹೋಗಿದೆ ಅಂದುಕೊಂಡು ಆನ್‌ಲೈನಿನಲ್ಲಿ ನಾಲ್ಕು ತರಿಸಿದೆ, 520 ರೂಪಾಯಿ ಹೋಯಿತು. ಮೀಟರ್ ಹಚ್ಚಿದರೆ 0.6 ವೋಲ್ಟ್ ಚಿಲ್ಲರೆ. ಜರ್ಮೇನಿಯಂ ಆದರೆ 0.2ರ ಆಸುಪಾಸು ತೋರಿಸಬೇಕಲ್ವಾ? ಸಿಲಿಕಾನ್ ಮಾಲಿಗೆ ಹಳೆ ನಂಬರ್ ಹೊಡೆದು ಕಳಿಸಿದ್ದರು. ಆಮೇಲೆ ಬಿಸಿ548 ಅನ್ನುವ ಸಿಲಿಕಾನ್ ಟ್ರಾನ್ಸಿಸ್ಟರ್ ಹಾಕಿ ನೋಡಿದೆ. ಅದಕ್ಕೆ ಬ್ಯಾಟರಿ ಉಲ್ಟಾ ಹಾಕಬೇಕು, ಡಯೋಡು ಉಲ್ಟಾ, ಬಯಾಸ್ (ಟ್ರಾನ್ಸಿಸ್ಟರಿಗೆ ಮೊದಲೇ ಕೊಡುವ ಸಣ್ಣ ಕರೆಂಟು) ಬೇರೆ. ಎರಡು ವಾರ ಅದರಲ್ಲೇ ಕಳೆಯಿತು. ಹಾಡಿತು, ಸುಳ್ಳು ಹೇಳುವುದಿಲ್ಲ. ಆದರೆ ಅದು ನನ್ನ ಕಿಟ್ ಅನ್ನಿಸಲಿಲ್ಲ, ಬಿಚ್ಚಿಹಾಕಿದೆ.

ಒಂದು ರಾತ್ರಿ ಹಳೆ ಎಎಫ್117 ಅನ್ನೇ ಮತ್ತೆ ಅಳೆದೆ. ಅದಕ್ಕೆ ನಾಲ್ಕು ಕಾಲು, ನಾಲ್ಕನೆಯದು ಟ್ರಾನ್ಸಿಸ್ಟರಿನ ಲೋಹದ ಡಬ್ಬಿಗೆ ಸೇರಿದ ಶೀಲ್ಡು. ಕಲೆಕ್ಟರ್ ಅನ್ನುವ ಕಾಲಿನಿಂದ ಶೀಲ್ಡಿಗೆ ಪೂರ್ತಿ ಶಾರ್ಟ್ ಇತ್ತು. ಈ ಜಾತಿಯ ಟ್ರಾನ್ಸಿಸ್ಟರುಗಳ ರೋಗವೇ ಅದು. ಡಬ್ಬಿಯ ಒಳಗಿನ ತವರದ ಲೇಪದಿಂದ ಕೂದಲಿನಂಥ ಎಳೆಗಳು ಬೆಳೆದು ಒಳಗಿನ ಕಾಲಿಗೆ ಮುಟ್ಟುತ್ತವೆ. ಶೀಲ್ಡಿನ ಕಾಲನ್ನು ಕತ್ತರಿಸಿದೆ, ಅಷ್ಟೇ. ಟ್ರಾನ್ಸಿಸ್ಟರ್ ಎದ್ದು ಕೂತಿತು. ಎರಡು ಕಾಲಿಗೆ ಎಳೆ ಮುಟ್ಟಿದ್ದರೆ ಈ ಉಪಾಯ ನಡೆಯುವುದಿಲ್ಲ, ನನ್ನ ದೈವ ಚೆನ್ನಾಗಿತ್ತು.

ಜೀವ ಬಂದ ಕೂಡಲೇ ಹಳೆ ಕುಂಯ್ ಕೂಡ ಬಂತು. ಅದನ್ನು ಕೇಳಿ ನನಗೆ ಖುಷಿಯೇ ಆಯಿತು ಅನ್ನಿ. ತಪ್ಪು ಈಗ ಕಣ್ಣಿಗೆ ಬಿತ್ತು: ಚೋಕನ್ನು ಫೆರೈಟ್ ಕಡ್ಡಿಯ ಪಕ್ಕದಲ್ಲೇ, ಅದಕ್ಕೆ ಸಮನಾಗಿ ಮಲಗಿಸಿದ್ದೆ. ಕಿಟ್‌ನವರ ಚಿತ್ರದಲ್ಲೂ ಹಾಗೇ ಇತ್ತು! ಅಡ್ಡ ತಿರುಗಿಸಿ ನಿಲ್ಲಿಸಿದೆ. ಕುಂಯ್ ಮುಕ್ಕಾಲು ಭಾಗ ಹೋಯಿತು. ಕಡ್ಡಿಯ ಮೇಲಿನ ಸಣ್ಣ ತಂತಿಸುತ್ತಿನ ಎರಡು ತುದಿ ಅದಲು ಬದಲು ಮಾಡಿದ ಮೇಲೆ ಉಳಿದದ್ದೂ ಹೋಯಿತು. ದೊಡ್ಡದರಲ್ಲಿ ಸುಮಾರು 65 ಸುತ್ತು, ಸಣ್ಣದರಲ್ಲಿ ಏಳೋ ಎಂಟೋ. ಬಯಾಸಿಗೆ ಕೊನೆಗೆ ಯಾವ ರೆಸಿಸ್ಟರ್ ಹಾಕಿದೆ, ಚೋಕು ಕಡ್ಡಿಯಿಂದ ಎಷ್ಟು ದೂರ, ಅದನ್ನು ಮಾತ್ರ ಹೇಳುವುದಿಲ್ಲ. ಮೂರು ತಿಂಗಳ ದುಡಿಮೆ ಅದು, ನೀವೂ ಸ್ವಲ್ಪ ಬೆವರು ಸುರಿಸಿ.

ಇಷ್ಟಾದರೂ ಮನೆಯಲ್ಲಿ ಬರೀ "ಗರ್" ಶಬ್ದ. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರು, ಪಕ್ಕದ ಮನೆಯ ಇನ್ವರ್ಟರು ಎಲ್ಲ ಸೇರಿ ಮೀಡಿಯಂ ವೇವನ್ನು ನುಂಗಿಬಿಟ್ಟಿವೆ. "ನಾ ಹೇಳಿದ್ನಿಲ್ಲೋ" ಅಂತ ಗೆಳೆಯ ನಕ್ಕ. ಮೂರು ದಿನ ಬಿಟ್ಟು ರಾತ್ರಿ ಇಡೀ ಓಣಿಯ ಕರೆಂಟ್ ಹೋಯಿತು. ಕತ್ತಲಲ್ಲೇ ಮಾಳಿಗೆ ಹತ್ತಿದೆ. ಕಡ್ಡಿಯನ್ನು ಆಚೀಚೆ ತಿರುಗಿಸಿ ಗ್ಯಾಂಗನ್ನು ಸಾವಕಾಶ ಸರಿಸಿದೆ. 765 ಕಿಲೋಹರ್ಟ್ಜ್ ಹತ್ತಿರ ಧಾರವಾಡ ನಿಚ್ಚಳವಾಗಿ ಬಂತು. ಗೆಳೆಯನಿಗೆ ಫೋನ್ ಮಾಡಿ ಇಯರ್‌ಫೋನನ್ನು ಮೊಬೈಲಿಗೆ ಹಿಡಿದೆ. ಅವನಿಗೆ ಕೇಳಿಸಲಿಲ್ಲವಂತೆ. ಮರುದಿನ ಕರೆದು, ಮೇನ್ ಸ್ವಿಚ್ ಇಳಿಸಿ, ಕಿವಿಗೇ ತುರುಕಿದೆ. ಅಕ್ಕಪಕ್ಕದ ಗರ್ ಜೊತೆಗಿದ್ದರೂ ಈ ಸಲ ಕೇಳಿಸಿತು.

ನಡುವೆ ಹುಬ್ಬಳ್ಳಿಯ ಅಕ್ಕನ ಮನೆಯಲ್ಲಿ ಇನ್ನೊಂದು ಆಟ ಆಡಿದೆ. ಅಲ್ಲಿಂದ ಧಾರವಾಡ ಇಪ್ಪತ್ತು ಕಿಲೋಮೀಟರ್, ಸಿಗ್ನಲ್ ಜೋರು. ಬ್ಲೇಡನ್ನು ಗ್ಯಾಸ್ ಉರಿಯಲ್ಲಿ ನೀಲಿ ಬರುವ ತನಕ ಕಾಯಿಸಿ, ಪಿನ್ನಿಗೆ ಪೆನ್ಸಿಲ್ ಕಡ್ಡಿ ಕಟ್ಟಿ, ಅದನ್ನೇ ಡಯೋಡು ಮಾಡಿದೆ. ತೆಂಗಿನ ಮರಕ್ಕೆ ಅರವತ್ತು ಅಡಿ ವೈರು, ಅರ್ಥಿಂಗಿಗೆ ಬೋರಿನ ಕೇಸಿಂಗ್ ಪೈಪು. ಬ್ಯಾಟರಿಯೇ ಇಲ್ಲ, ಆದರೂ ಮಾತು ಬಂತು, ಸೊಳ್ಳೆ ಮಾತಾಡಿದ ಹಾಗೆ. ಯಾರಾದರೂ ಬಾಗಿಲು ಹಾಕಿದರೆ ಕಡ್ಡಿ ಸರಿದು ಸ್ಟೇಶನ್ ಹೋಗುತ್ತಿತ್ತು. ಭಾವ ಉಸಿರು ಹಿಡಿದು ಕೇಳಿ, "ಕ್ರಿಕೆಟ್ ಸ್ಕೋರ್ ಬರ್ತೈತೇನು?" ಅಂದರು.

ಖರ್ಚು ನೆನಪಿದ್ದಷ್ಟು ಹೇಳುತ್ತೇನೆ. ನಕಲಿ ಮಾಲಿಗೆ 520, ಹೊಸ ಕ್ರಿಸ್ಟಲ್ ಇಯರ್‌ಫೋನಿಗೆ 180, ಬಿಡಿ ಸಾಮಾನಿಗೆ 250, ಹುಬ್ಬಳ್ಳಿಗೆ ನಾಲ್ಕು ಸಲ ಓಡಾಟ. ಎಲ್ಲ ಸೇರಿ 1,500 ದಾಟಿತು. "ರೀ, ಇದ ರೊಕ್ಕದಾಗ ಎರಡು ಹೊಸಾ ರೇಡಿಯೊ ಬರ್ತಿದ್ವು" ಅಂತ ಮನೆಯವಳು ಲೆಕ್ಕ ಹಾಕಿದಳು. ಲೆಕ್ಕ ಸರಿಯೇ ಇದೆ.

ಗೆಳೆಯ ಈಗ ತನ್ನ ಅಂಗಡಿಯ ಅಟ್ಟ ಹುಡುಕಿ ಅದೇ ಜಾತಿಯ ಎರಡು ಎಎಫ್115 ಟ್ರಾನ್ಸಿಸ್ಟರ್ ತಂದುಕೊಟ್ಟಿದ್ದಾನೆ, ತನಗೂ ಒಂದು ಮಾಡಿಕೊಡಬೇಕಂತೆ. ಓಎ79 ಮಾತ್ರ ಸಾಲುತ್ತಿಲ್ಲ. ಯಾರ ಮನೆಯ ಡಬ್ಬಿಯಲ್ಲಾದರೂ ಇದ್ದರೆ ಹೇಳಿ, ಒಂದಕ್ಕೆ 40 ರೂಪಾಯಿ ಕೊಡುತ್ತೇನೆ. ಮೀಟರ್ ಹಚ್ಚಿ ನೋಡಿದ ಮೇಲೆ.