ಸೋಮಾಲಿ ಕುಟುಂಬಗಳ ಬಾಡಿಗೆ ಮನೆಗೆ ಕೊನೆಗೂ ಆಗಿಬಂದಿದ್ದು ಚೀಟಿ

"ದುಡ್ಡು ಎತ್ತಿದವಳು ಮುಂದಿನ ತಿಂಗಳು ಊರಲ್ಲೇ ಇರಲ್ಲ, ನೋಡ್ತಾ ಇರಿ" ಅಂತ, ಸೋಮಾಲಿ ನಿರಾಶ್ರಿತರಿಗೆ ಬಾಡಿಗೆ ಮನೆ ಹಿಡಿಯಲು ಚೀಟಿ ಹಾಕಿಸೋಣ ಅಂದಾಗ ನಮ್ಮ ಸ್ವಯಂಸೇವಕರ ಗುಂಪಿನಲ್ಲಿ ಹೆಚ್ಚುಕಡಿಮೆ ಎಲ್ಲರೂ ಹೇಳಿದ್ದರು. ಎರಡು ಸುತ್ತು ಮುಗಿದಿವೆ. ಯಾರೂ ಓಡಿಹೋಗಿಲ್ಲ. ಹಾಗಾಗಿ ಸ್ವಲ್ಪ ಜಂಬದಿಂದಲೇ ಬರೆಯುತ್ತಿದ್ದೇನೆ.

ಅಮೆರಿಕದ ಮಿನೆಸೋಟಾ ರಾಜ್ಯದ ಮಿನಿಯಾಪೊಲಿಸ್‌ನಲ್ಲಿ ಸೋಮಾಲಿಗಳು ಹೆಚ್ಚಾಗಿರುವ ಸೀಡರ್-ರಿವರ್‌ಸೈಡ್ ಕಡೆ ಕೆಲಸ ಮಾಡಿದವರಿಗೆ ಹಿನ್ನೆಲೆ ಹೇಳಬೇಕಿಲ್ಲ. 2025ರ ಜನವರಿಯಲ್ಲಿ ಸರ್ಕಾರ ನಿರಾಶ್ರಿತರ ಪ್ರವೇಶ ನಿಲ್ಲಿಸುವ ತನಕ, ಇಲ್ಲಿಗೇ ನೇರವಾಗಿ ಬಂದವರಿಗೆ ಮೊದಲ 90 ದಿನ ಪುನರ್ವಸತಿ ಸಂಸ್ಥೆಯ ಆಸರೆ ಇರುತ್ತಿತ್ತು. ನಮ್ಮ ತಲೆನೋವು ಇನ್ನೊಂದು ಥರದವರದ್ದು. ಕೀನ್ಯಾದ ನಿರಾಶ್ರಿತರ ಶಿಬಿರಗಳಾದ ದಾದಾಬ್‌ನಿಂದಲೋ ಕಾಕುಮಾದಿಂದಲೋ ಬೇರೆ ಯಾವುದೋ ರಾಜ್ಯಕ್ಕೆ ಕಳಿಸಿರುತ್ತಾರೆ, ಅಲ್ಲಿ ಮಾತಾಡುವುದಕ್ಕೂ ಜನ ಇಲ್ಲ ಅಂತ ಮಕ್ಕಳನ್ನು ಕಟ್ಟಿಕೊಂಡು ಬಸ್ಸು ಹತ್ತಿ ಮಿನೆಸೋಟಾದ ನೆಂಟರ ಮನೆಗೆ ಬಂದುಬಿಡುತ್ತಾರೆ. ಸಹಾಯದ ದುಡ್ಡು ಹಿಂದೆಯೇ ಉಳಿಯುತ್ತದೆ. ಎರಡು ಕೋಣೆಯಲ್ಲಿ ಒಂಬತ್ತು ಜನ.

ಮನೆ ಹಿಡಿಯಲು ಬೇಕಾಗಿದ್ದು ಏನಿಲ್ಲ ಅಂದರೂ ಎರಡೂವರೆ ಸಾವಿರ ಡಾಲರ್. 2020ರಿಂದ ಈ ನಗರದಲ್ಲಿ ಡಿಪಾಸಿಟ್ ಅಂತ ಒಂದು ತಿಂಗಳ ಬಾಡಿಗೆಗಿಂತ ಜಾಸ್ತಿ ಕೇಳುವ ಹಾಗಿಲ್ಲ, ಇಲ್ಲದಿದ್ದರೆ ಇನ್ನೂ ಕಷ್ಟ. ಮೊದಲು ಚಂದಾ ಎತ್ತಿದೆವು. ಮೂರು ಮನೆಗೆ ಸಾಕಾಯಿತು, ಆಮೇಲೆ ಕೊಟ್ಟವರೇ ನಮ್ಮ ಫೋನ್ ಎತ್ತುವುದನ್ನು ಬಿಟ್ಟರು. ಹಳೇ ಸೋಫಾ ಮಾತ್ರ ಬೇಡ ಅಂದರೂ ಬರುತ್ತಿತ್ತು, ಅದನ್ನಿಡಲು ಬಾಡಿಗೆ ಕೊಟ್ಟೇ ಏಳೆಂಟು ನೂರು ಡಾಲರ್ ಹೋಯಿತು. ಆಮೇಲೆ ಕಡಿಮೆ ಬಡ್ಡಿಯ ಸಣ್ಣ ಸಾಲ ಮಾಡಿಸಲು ನೋಡಿದೆವು. ಬಡ್ಡಿ ಅಂದ ತಕ್ಷಣ ಮಾತು ಮುಗಿಯಿತು. ಧರ್ಮದ ವಿಷಯ, ಒತ್ತಾಯ ಮಾಡುವಂತಿಲ್ಲ.

ಸೋಮಾಲಿ ಹೆಂಗಸರು ಚೀಟಿಯನ್ನು ನಮಗಿಂತ ಚೆನ್ನಾಗಿ ನಡೆಸುತ್ತಾರೆ. ಅಯೂತೊ ಅಂತಾರೆ, ಹಗ್ಬಾದ್ ಅಂತಲೂ ಅಂತಾರೆ. ತೊಂದರೆ ಏನೆಂದರೆ ಹೊಸಬರನ್ನು ಅದಕ್ಕೆ ಯಾರೂ ಸೇರಿಸಿಕೊಳ್ಳುವುದಿಲ್ಲ. ಹಾಗಾಗಿ ಎಂಟು ಜನ ಹಳಬರು, ನಾಲ್ಕು ಜನ ಹೊಸಬರು, ತಿಂಗಳಿಗೆ 200 ಡಾಲರ್ ಅಂತ ಬೆರೆಸಿ ಒಂದು ಚೀಟಿ ಮಾಡಿದೆವು. ಯಜಮಾನಿಕೆ ನಮ್ಮದಲ್ಲ, ಎಲ್ಲರೂ ಎದ್ದೊ ಅಂತ, ಅಂದರೆ ಸೋದರತ್ತೆ ಅಂತ ಕರೆಯುವ ಒಬ್ಬ ಹಿರಿಯ ಹೆಂಗಸಿನದು. ನಮ್ಮ ಗುಂಪು ಮಾಡಿದ್ದು ಒಂದೇ ಕೆಲಸ: ಯಾರಾದರೂ ತಪ್ಪಿಸಿದರೆ ತುಂಬಿಕೊಡಲು ಒಂದು ಸಾವಿರದಷ್ಟು ಪಕ್ಕಕ್ಕಿಟ್ಟೆವು. ಎರಡು ಸುತ್ತಿನಲ್ಲಿ ಅದರಿಂದ ತೆಗೆದದ್ದು ನಾನೂರೋ ಏನೋ. ಅದೂ ವಾಪಸ್ ಬಂತು.

ಹರಾಜು ಚೀಟಿ ಮಾಡಿದರೆ ಹೇಗೆ ಅಂತಲೂ ಕೇಳಿನೋಡಿದೆ. ನಮ್ಮ ಕಡೆ ಅದೇ ತಾನೇ ರೂಢಿ. ಎದ್ದೊ ನಕ್ಕುಬಿಟ್ಟರು. ಬೇಗ ಬೇಕಾದವಳು ಕಡಿಮೆಗೆ ಒಪ್ಪಿಕೊಂಡು, ಉಳಿದದ್ದನ್ನು ಮಿಕ್ಕವರು ಹಂಚಿಕೊಂಡರೆ ಅದೂ ಬಡ್ಡಿಯೇ ಅಲ್ವಾ ಅಂದರು. ಸರಿಯಾಗೇ ಇತ್ತು.

ಹೊಸಬರನ್ನು ಆರಿಸುವುದು ಹೇಗೆ? ಪೇ ಸ್ಲಿಪ್ ನೋಡಿ ಉಪಯೋಗವಿಲ್ಲ, ಇರುವುದು ಆರು ವಾರದ್ದು. ನಾನು ಕೇಳುವುದು ಹವಾಲಾ ರಸೀದಿ, ಅಂದರೆ ನೆಂಟರಿಗೆ ದುಡ್ಡು ಕಳಿಸಿದ ರಸೀದಿ. (ನಮ್ಮಲ್ಲಿ ಹವಾಲಾ ಅಂದರೆ ಪೊಲೀಸರು ನೆನಪಾಗುತ್ತಾರೆ, ಇಲ್ಲಿ ಲೈಸೆನ್ಸ್ ಪಡೆದ ಅಂಗಡಿಗಳಿವೆ.) ತಾನು ಅರೆಹೊಟ್ಟೆ ಉಂಡು ಶಿಬಿರದಲ್ಲಿರುವ ಅಕ್ಕನಿಗೆ ತಿಂಗಳು ತಿಂಗಳು ನೂರು ಡಾಲರ್ ಕಳಿಸುವವಳು ಚೀಟಿ ತಪ್ಪಿಸುವುದಿಲ್ಲ. ಇದುವರೆಗೆ ತಪ್ಪಿಸಿಲ್ಲ. ಆದರೆ ಅಮೆರಿಕಕ್ಕೆ ಬರಲು ನಿರಾಶ್ರಿತರಿಗೆ ಕೊಟ್ಟ ವಿಮಾನದ ಟಿಕೆಟ್ ಸಾಲದ ಕಂತು ಶುರುವಾಗಿದೆಯಾ ಅಂತ ಮೊದಲೇ ವಿಚಾರಿಸಿ. ಬಡ್ಡಿಯಿಲ್ಲದಿದ್ದರೂ ಕಂತು ಕಂತೇ, ಬಂದ ಆರನೇ ತಿಂಗಳಿನ ಹೊತ್ತಿಗೆ ಬಂದು ಕೂರುತ್ತದೆ. ಯಾರಿಗೆ ಯಾವ ಸರದಿ ಅನ್ನುವುದಕ್ಕೆ ಎದ್ದೊ ಒಂದು ಉಪಾಯ ಇಟ್ಟುಕೊಂಡಿದ್ದಾರೆ. ಅದು ಅವರದ್ದು, ಇಲ್ಲಿ ಬರೆಯಲ್ಲ. ಲಾಟರಿ ಅಲ್ಲ ಅಂತ ಮಾತ್ರ ಹೇಳಬಲ್ಲೆ.

ದುಡ್ಡು ಕೈಯಲ್ಲಿದ್ದೂ ಒಂದು ಮನೆ ತಪ್ಪಿಹೋಯಿತು. ಶಿಬಿರದಿಂದ ಬಂದ ಎಷ್ಟೋ ಜನರಿಗೆ ದಾಖಲೆಯಲ್ಲಿ ಹುಟ್ಟಿದ ದಿನ ಜನವರಿ 1, ನಮ್ಮ ಹಿರಿಯರಿಗೆ ಶಾಲೆಯವರು ಜೂನ್ 1 ಬರೆದ ಹಾಗೆ. ಹೆಸರೂ ತನ್ನದು, ಅಪ್ಪನದು, ಅಜ್ಜನದು. ಹೀಗಾಗಿ ಒಂದೇ ಹೆಸರು, ಒಂದೇ ತಾರೀಕಿನವರು ಸಿಕ್ಕೇ ಸಿಗುತ್ತಾರೆ. ಮಾಲೀಕರು ಮಾಡಿಸಿದ ಹಿನ್ನೆಲೆ ಪರಿಶೀಲನೆಯಲ್ಲಿ ಇನ್ಯಾರದ್ದೋ ಬಾಕಿ ಬಾಡಿಗೆ ನಮ್ಮ ಹೊಸಬಳೊಬ್ಬಳ ತಲೆಗೆ ಬಂತು. ಅರ್ಜಿ ಫೀಸು ಐವತ್ತೂ ಹೋಯಿತು. ಈಗ ಐ-94 ಅನ್ನುವ ಪ್ರವೇಶ ದಾಖಲೆಯ ಪ್ರತಿಯನ್ನು ಅರ್ಜಿಯ ಜೊತೆಗೇ ಕೊಡುತ್ತೇವೆ, ಯಾವತ್ತು ದೇಶಕ್ಕೆ ಬಂದರು ಅಂತ ಅದರಲ್ಲೇ ಇದೆ. ಬರುವುದಕ್ಕೆ ಮುಂಚಿನ ಬಾಕಿ ಇವರದ್ದು ಹೇಗಾಗುತ್ತದೆ?

ಚೀಟಿಯಿಂದ ಕ್ರೆಡಿಟ್ ಸ್ಕೋರ್ ಮಾತ್ರ ಬೆಳೆಯುವುದಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಮಿಷನ್ ಅಸೆಟ್ ಫಂಡ್ ಅನ್ನುವ ಸಂಸ್ಥೆಯವರು ಇಂಥ ಗುಂಪುಗಳ ಕಂತನ್ನು ಬಡ್ಡಿಯಿಲ್ಲದ ಸಾಲ ಅಂತ ಬರೆಸಿ ಕ್ರೆಡಿಟ್ ಬ್ಯೂರೋಗೆ ಕಳಿಸುತ್ತಾರೆ. ನಾವೂ ಹಾಗೆ ಮಾಡೋಣ ಅಂದೆ. ಕಾಗದಕ್ಕೆ ಸಹಿ ಅಂದ ಕೂಡಲೇ ಇಬ್ಬರು ಹಳಬರು ಎದ್ದು ಹೊರಟರು. ಸದ್ಯಕ್ಕೆ ಬಿಟ್ಟಿದ್ದೇನೆ.

ಮೂರನೇ ಸುತ್ತಿಗೆ ತಿಂಗಳಿಗೆ 300 ಮಾಡೋಣ, ರಾತ್ರಿ ಪಾಳಿಗೆ ಹೋಗುವವರಿಗೆ ಹಳೇ ಕಾರಾದರೂ ಬರುತ್ತದೆ ಅಂತ ಎದ್ದೊ ಹಟ ಹಿಡಿದಿದ್ದಾರೆ. ಹೊಸಬರಿಗೆ ಅಷ್ಟು ಕಟ್ಟುವುದು ಕಷ್ಟ ಅಂತ ನನ್ನ ವಾದ. ಎರಡು ಬೇರೆ ಬೇರೆ ಚೀಟಿ ಮಾಡಿದರೆ ಹಳಬರೆಲ್ಲ ದೊಡ್ಡದಕ್ಕೇ ಹೋಗುತ್ತಾರೆ. ಇನ್ನೂ ತೀರ್ಮಾನವಾಗಿಲ್ಲ.