ಕ್ಯಾಲಿಫೋರ್ನಿಯಾದಲ್ಲಿ ಸೆಕೆಂಡ್‌ಹ್ಯಾಂಡ್ ಜೆಟ್ ಬೋಟ್: ಮೊದಲ ಬಾರಿ ಕೊಳ್ಳುವವರಿಗೆ

ಕ್ಯಾಲಿಫೋರ್ನಿಯಾದಲ್ಲಿ ಸೆಕೆಂಡ್‌ಹ್ಯಾಂಡ್ ಕಾರು ಕೊಂಡ ನಮ್ಮ ಕನ್ನಡಿಗರಿಗೆ ಇಲ್ಲಿನ ವ್ಯವಸ್ಥೆ ಸಾಕಷ್ಟು ಪರಿಚಿತ. ಸಾಮಾನ್ಯವಾಗಿ ಮಾರುವವನೇ ಸ್ಮಾಗ್ ಎಂಬ ಹೊಗೆ ಪರೀಕ್ಷೆಯ ಪ್ರಮಾಣಪತ್ರ ಒದಗಿಸಬೇಕು, ಗಾಡಿಯ ಅಪಘಾತದ ಇತಿಹಾಸ ಸ್ವಲ್ಪ ಹಣಕ್ಕೆ ಸಿಗುತ್ತದೆ, ಪರೀಕ್ಷಿಸಿಕೊಡುವ ಮೆಕ್ಯಾನಿಕ್ ಊರಲ್ಲೇ ಇರುತ್ತಾನೆ. ಅದೇ ಧೈರ್ಯದಿಂದ ಬೋಟ್ ಕೊಳ್ಳಲು ಹೊರಡುವುದು ಸರಿಯಲ್ಲ. ಬೋಟ್ ಕೈ ಬದಲಾಗುವಾಗ ರಾಜ್ಯದ ವಾಹನ ನೋಂದಣಿ ಇಲಾಖೆಯಾದ ಡಿಎಂವಿ ನೋಡುವುದು ಕಾಗದಪತ್ರಗಳನ್ನು ಮತ್ತು ಶುಲ್ಕವನ್ನು ಮಾತ್ರ. ಎಂಜಿನ್ ಸರಿಯಿದೆಯೇ, ತಳ ಸೋರುತ್ತಿದೆಯೇ ಎಂದು ವಿಚಾರಿಸುವ ಸರ್ಕಾರಿ ಪರೀಕ್ಷೆ ಯಾವುದೂ ಇಲ್ಲ. ಖಾಸಗಿ ವ್ಯಕ್ತಿಯಿಂದ ಕೊಂಡ ಬೋಟ್ ಇದ್ದದ್ದು ಇದ್ದ ಹಾಗೆಯೇ ನಿಮ್ಮದಾಗುತ್ತದೆ. ಆದ್ದರಿಂದ ಪರೀಕ್ಷಕನ ಕೆಲಸವನ್ನು ಕೊಳ್ಳುವವನೇ ಮಾಡಬೇಕು, ಇಲ್ಲವೇ ಹಣ ಕೊಟ್ಟು ಮಾಡಿಸಬೇಕು.

ಜೆಟ್ ಬೋಟಿನ ಸ್ವಭಾವವನ್ನು ಮೊದಲು ತಿಳಿಯಬೇಕು. ಇದಕ್ಕೆ ಹೊರಗೆ ಚಾಚಿದ ಪ್ರೊಪೆಲ್ಲರ್ ಇರುವುದಿಲ್ಲ. ತಳದಲ್ಲಿರುವ ಜಾಲರಿಯ ಮೂಲಕ ನೀರನ್ನು ಹೀರಿಕೊಂಡು, ಕೊಳವೆಯೊಳಗೆ ತಿರುಗುವ ಇಂಪೆಲ್ಲರ್ ಎಂಬ ಅಲಗುಚಕ್ರ ಅದನ್ನು ಹಿಂಬದಿಯ ನಳಿಕೆಯಿಂದ ರಭಸವಾಗಿ ಹೊರಗೆ ತಳ್ಳುತ್ತದೆ. ಬೋಟ್ ಮುಂದೆ ಹೋಗುವುದು ಈ ನೀರಿನ ಒತ್ತಡದಿಂದ. ನ್ಯೂಜಿಲೆಂಡಿನ ಬಿಲ್ ಹ್ಯಾಮಿಲ್ಟನ್ 1950ರ ದಶಕದಲ್ಲಿ ಇದನ್ನು ರೂಢಿಗೆ ತಂದದ್ದು ಅಲ್ಲಿಯ ಆಳವಿಲ್ಲದ, ಕಲ್ಲುತಳದ ನದಿಗಳಿಗಾಗಿ. ಕ್ಯಾಲಿಫೋರ್ನಿಯಾದ ಜಲಾಶಯಗಳಲ್ಲಿ ಕಾಣುವುದು ಅದರ ಕೌಟುಂಬಿಕ ರೂಪ: ಹೆಚ್ಚಾಗಿ 19ರಿಂದ 24 ಅಡಿ ಉದ್ದದ, ಒಂದು ಅಥವಾ ಎರಡು ಎಂಜಿನ್‌ಗಳ ಯಮಾಹಾ ಬೋಟುಗಳು, ನಡುನಡುವೆ ಹಳೆಯ ಸೀ-ಡೂ, ಸ್ಕ್ಯಾರಬ್ ಮತ್ತು ಚಾಪರಲ್ ಕಂಪನಿಗಳವು. ಮಕ್ಕಳು ಹಿಂಬದಿಯಿಂದ ನೀರಿಗಿಳಿದು ಹತ್ತುವಾಗ ತಿರುಗುವ ಅಲಗುಗಳ ಭಯವಿಲ್ಲ ಎಂಬುದೇ ಬಹುಪಾಲು ಕುಟುಂಬಗಳು ಇದನ್ನು ಮೆಚ್ಚಲು ಕಾರಣ, ಮತ್ತು ಆ ಕಾರಣ ನ್ಯಾಯವಾದದ್ದೇ.

ಆದರೆ ದಿಕ್ಕು ಬದಲಾಯಿಸುವುದೂ ಆ ನಳಿಕೆಯೇ. ನೀರು ಚಿಮ್ಮುತ್ತಿರುವಷ್ಟು ಹೊತ್ತು ಮಾತ್ರ ಸ್ಟೀರಿಂಗ್‌ಗೆ ಅರ್ಥ. ಹೊಸಬರು ಗಾಬರಿಯಾದೊಡನೆ ವೇಗ ಹೆಚ್ಚುಕಡಿಮೆ ಮಾಡುವ ಥ್ರಾಟಲ್ ಪೂರ್ತಿ ಇಳಿಸಿ ಚಕ್ರ ತಿರುಗಿಸುತ್ತಾರೆ. ಬೋಟ್ ಮಾತ್ರ ಬಂದ ವೇಗದಲ್ಲೇ ನೇರವಾಗಿ ಸಾಗುತ್ತದೆ. ನಿಧಾನವಾಗಿ ಹೋಗುವಾಗ ಮೂತಿ ಎಡಕ್ಕೂ ಬಲಕ್ಕೂ ಅಲೆದಾಡುತ್ತದೆ. ಸಾಮಾನ್ಯ ಮಾದರಿಗಳಲ್ಲಿ ಕಾರಿನಂಥ ಗೇರ್ ಇಲ್ಲದೆ, ನಳಿಕೆಯ ಮೇಲೆ ಒಂದು ಬಟ್ಟಲನ್ನು ಇಳಿಸಿ ನೀರನ್ನು ಮುಂದಕ್ಕೆ ತಿರುಗಿಸುವ ಮೂಲಕ ರಿವರ್ಸ್ ಸಿಗುವುದರಿಂದ, ನ್ಯೂಟ್ರಲ್ ಎಂದು ಗುರುತು ಮಾಡಿದ ಸ್ಥಾನದಲ್ಲಿಯೂ ಎಂಜಿನ್ ಚಾಲೂ ಇದ್ದರೆ ಬೋಟ್ ಮೆಲ್ಲಗೆ ತೆವಳುತ್ತಿರಬಹುದು. ಗಾಳಿ ಬೀಸುವ ಸಂಜೆ ಬೋಟ್ ಕಟ್ಟುವ ಕಟ್ಟೆಯಾದ ಡಾಕ್‌ಗೆ ತಂದು ನಿಲ್ಲಿಸುವುದು ಕಲಿತೇ ಬರಬೇಕಾದ ವಿದ್ಯೆ. ಹೀಗಾಗಿ ಕೊಳ್ಳುವ ಮುನ್ನ ಬಾಡಿಗೆಗೆ ಒಂದು ಜೆಟ್ ಬೋಟನ್ನೇ ತೆಗೆದುಕೊಂಡು, ಡಾಕ್ ಹಿಡಿಯುವುದನ್ನು ಬೇಸರವಾಗುವಷ್ಟು ಬಾರಿ ಅಭ್ಯಾಸ ಮಾಡಿ ನೋಡುವುದು ಒಳ್ಳೆಯದು. ಅದು ಹಿಡಿಸದಿದ್ದರೆ ಪ್ರೊಪೆಲ್ಲರ್ ಬೋಟ್ ಕಡೆ ನೋಡಬಹುದು, ಹಣವೂ ಉಳಿಯುತ್ತದೆ.

ಓಡಿಸುವ ಅರ್ಹತೆಯ ವಿಷಯದಲ್ಲಿ ರಾಜ್ಯದ ನಿಯಮ ಸ್ಪಷ್ಟವಾಗಿದೆ. 2018ರಿಂದ ವಯಸ್ಸಿನ ಪ್ರಕಾರ ಹಂತಹಂತವಾಗಿ ಜಾರಿಗೆ ಬಂದ ಕ್ಯಾಲಿಫೋರ್ನಿಯಾ ಬೋಟರ್ ಕಾರ್ಡ್, 2025ರ ಜನವರಿ 1ರಿಂದ ಎಲ್ಲ ವಯಸ್ಸಿನ ಚಾಲಕರಿಗೂ ಅನ್ವಯಿಸುತ್ತದೆ. ಮಾನ್ಯತೆ ಪಡೆದ ಪರೀಕ್ಷೆಯಲ್ಲಿ ಪಾಸಾಗಿ 10 ಡಾಲರ್ ಶುಲ್ಕ ಕಟ್ಟಿದರೆ ಕಾರ್ಡ್ ಬರುತ್ತದೆ, ನವೀಕರಣದ ತೊಂದರೆ ಇಲ್ಲ. 16 ವರ್ಷ ತುಂಬದವರು 15 ಅಶ್ವಶಕ್ತಿಗಿಂತ ಹೆಚ್ಚಿನ ಬೋಟನ್ನು ಒಬ್ಬರೇ ಓಡಿಸುವಂತಿಲ್ಲ. 12ರಿಂದ 15 ವರ್ಷದವರು ಓಡಿಸಬೇಕಾದರೆ 18 ದಾಟಿದವರೊಬ್ಬರು ಪಕ್ಕದಲ್ಲಿದ್ದು ಗಮನಿಸುತ್ತಿರಬೇಕು. ಗಂಡ ಹೆಂಡತಿ ಇಬ್ಬರೂ ಕಾರ್ಡ್ ಮಾಡಿಸಿಕೊಳ್ಳುವುದು ವಾಸಿ, ಏಕೆಂದರೆ ಒಬ್ಬರು ನೀರಿನಲ್ಲಿದ್ದಾಗ ಇನ್ನೊಬ್ಬರ ಕೈಯಲ್ಲಿ ಚುಕ್ಕಾಣಿ ಇರಲೇಬೇಕಾಗುತ್ತದೆ.

ಯಾವ ಬೋಟ್ ಎಂಬುದಕ್ಕೆ ಬಂದರೆ, ಸೀ-ಡೂ ಹೆಸರಿನ ಬೋಟುಗಳು ಕಡಿಮೆ ಬೆಲೆಗೆ ಸಿಗುತ್ತವೆ, ಅದಕ್ಕೆ ಕಾರಣವೂ ಇದೆ: ಅವನ್ನು ತಯಾರಿಸುತ್ತಿದ್ದ ಬಿಆರ್‌ಪಿ ಕಂಪನಿ 2012ರಲ್ಲಿ ಜೆಟ್ ಸ್ಪೋರ್ಟ್ ಬೋಟುಗಳ ತಯಾರಿಕೆಯಿಂದ ಹಿಂದೆ ಸರಿಯಿತು. ಎಂಜಿನ್ ಭಾಗಗಳು ಇಂದಿಗೂ ದೊರೆಯುತ್ತವಾದರೂ, ಬೋಟಿನ ಒಡಲಿಗೆ ಸಂಬಂಧಿಸಿದ ಚೂರುಪಾರು ಸಾಮಾನುಗಳಿಗಾಗಿ ಅಲೆಯಬೇಕಾಗುತ್ತದೆ. ಅವುಗಳಲ್ಲಿ ಹಳೆಯ ಸೂಪರ್‌ಚಾರ್ಜರ್ (ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸಾಧನ) ಇರುವ ರೊಟ್ಯಾಕ್ಸ್ ಎಂಜಿನ್ನಿನದಾಗಿದ್ದರೆ ಸೂಪರ್‌ಚಾರ್ಜರನ್ನು ಯಾವಾಗ ಬಿಚ್ಚಿ ದುರಸ್ತಿ ಮಾಡಿಸಲಾಗಿದೆ ಎಂಬ ರಸೀದಿ ಕೇಳಿ. ಒಳಗಿನ ಸೆರಾಮಿಕ್ ವಾಷರ್ ಒಡೆದರೆ ಅದರ ಚೂರುಗಳು ಎಂಜಿನ್ ಎಣ್ಣೆಯೊಳಗೆ ಸೇರಿ ಇಡೀ ಎಂಜಿನ್ ಹಾಳಾಗಬಹುದು. ಮೊದಲ ಬಾರಿ ಕೊಳ್ಳುವವರಿಗೆ ನನ್ನ ಸಲಹೆ, ಸೂಪರ್‌ಚಾರ್ಜರ್ ಇಲ್ಲದ, ಒಂದೇ ಎಂಜಿನ್ನಿನ, 19 ಅಡಿಯ ಯಮಾಹಾ ಎಂಬುದೇ. ಎರಡು ಎಂಜಿನ್ ಇದ್ದರೆ ಒಂದು ಕೈಕೊಟ್ಟಾಗ ಇನ್ನೊಂದರಿಂದ ದಡ ಸೇರಬಹುದು ಎಂಬುದು ನಿಜ. ಎಣ್ಣೆ ಬದಲಾವಣೆ, ಪ್ಲಗ್, ಪಂಪ್ ಎಲ್ಲವೂ ಎರಡರಷ್ಟಾಗುತ್ತವೆ ಎಂಬುದೂ ಅಷ್ಟೇ ನಿಜ.

ಬೋಟಿನ ಮುಂದೆ ನಿಂತಾಗ ಹೊಳೆಯುವ ಬಣ್ಣ, ಸ್ಪೀಕರುಗಳನ್ನು ಬಿಟ್ಟು ಹಿಂಬದಿಗೆ ಹೋಗಿ. ಕೀಲಿ ತೆಗೆದು ಜೇಬಿಗೆ ಹಾಕಿಕೊಂಡ ಮೇಲೆ, ಟಾರ್ಚ್ ಹಿಡಿದು ನಳಿಕೆಯ ಕಡೆಯಿಂದಲೂ ತಳದ ಜಾಲರಿಯ ಕಡೆಯಿಂದಲೂ ಇಂಪೆಲ್ಲರನ್ನು ನೋಡಿ. ಅಲಗಿನ ಅಂಚು ಚೂಪಾಗಿ ಸಮವಾಗಿರಬೇಕು. ಕಲ್ಲು ನುಂಗಿದ ಪಂಪಿನಲ್ಲಿ ಅಂಚು ಮಡಿಚಿರುತ್ತದೆ ಅಥವಾ ಹಲ್ಲುಹಲ್ಲಾಗಿರುತ್ತದೆ. ಇಂಪೆಲ್ಲರ್ ಸುತ್ತಲಿನ ಗೋಡೆಗೆ ಉಗುರು ತಾಕಿಸಿದಾಗ ಗೆರೆಗಳು ಸಿಕ್ಕಿದರೆ ಅದು ಮರಳು ಎಳೆದುಕೊಂಡ ಬೋಟ್. ಅಲಗಿಗೂ ಗೋಡೆಗೂ ನಡುವಿನ ಸಂದು ಕೂದಲೆಳೆಯಷ್ಟೇ ಇರಬೇಕಾದದ್ದು. ಅದು ಹೆಚ್ಚಾದಂತೆ ಎಂಜಿನ್ ಕಿರುಚುತ್ತದೆ, ಬೋಟ್ ಮುಂದೆ ನೆಗೆಯುವುದಿಲ್ಲ. ಆಳವಿಲ್ಲದ ನೀರಿನಲ್ಲಿ ಓಡಿಸಬಹುದೆಂದು ಜಾಹೀರಾತಿನಲ್ಲಿ ಹೇಳಿಕೊಂಡ ಬೋಟಿನಲ್ಲಿಯೇ ಈ ಗಾಯಗಳು ಹೆಚ್ಚು.

ಬಳಿಕ ಎಣ್ಣೆಯ ಕಡ್ಡಿ ಹೊರತೆಗೆದು ನೋಡಿ. ಹಾಲು ಬೆರೆಸಿದ ಬಣ್ಣ ಕಂಡರೆ ಎಂಜಿನ್ನಿನೊಳಗೆ ನೀರು ಹೋಗಿದೆಯೆಂದು ಅರ್ಥ. ಅಲ್ಲಿಗೆ ಮಾತುಕತೆ ಮುಗಿಸಬಹುದು. ಎಲ್ಲ ಸಿಲಿಂಡರ್‌ಗಳ ಕಂಪ್ರೆಷನ್, ಅಂದರೆ ಒಳಗಿನ ಒತ್ತಡ, ಅಳೆಸಿದಾಗ ಅಂಕಿಗಳು ಒಂದಕ್ಕೊಂದು ಹತ್ತಿರವಿರಬೇಕು. ಯಮಾಹಾ ಎಂಜಿನ್ನಿಗೆ ಲ್ಯಾಪ್‌ಟಾಪ್ ಜೋಡಿಸಿ ಅದು ಎಷ್ಟು ಗಂಟೆ, ಯಾವ ವೇಗದಲ್ಲಿ ಓಡಿದೆ ಎಂದು ಓದಲು ಡೀಲರುಗಳ ಬಳಿ ಸಾಧನವಿದೆ. ಆ ವರದಿಯ ಮುದ್ರಿತ ಪ್ರತಿ ಕೊಡಲು ಹಿಂಜರಿಯುವ ಮಾರಾಟಗಾರನ ಬಗ್ಗೆ ಎಚ್ಚರವಿರಲಿ. ಬೋಟನ್ನು ಸಮುದ್ರದಲ್ಲಿ ಅಥವಾ ಕೊಲ್ಲಿಯಲ್ಲಿ ಓಡಿಸಲಾಗಿದೆಯೇ ಎಂದು ಕೇಳಿ. ಯಮಾಹಾ ಎಂಜಿನ್ ಹೊರಗಿನ ನೀರನ್ನೇ ಎಳೆದು ತಣಿಯುವುದರಿಂದ, ಉಪ್ಪುನೀರಿನ ನಂತರ ತೊಳೆಯದೆ ಬಿಟ್ಟರೆ ಒಳಗೆ ತುಕ್ಕು ಹಿಡಿಯುತ್ತದೆ. ಮನೆಯಂಗಳದಲ್ಲಿ ಎಂಜಿನ್ ಚಾಲೂ ಮಾಡಿ ತೋರಿಸುತ್ತೇನೆಂದರೆ ಮಾರುವವನು ಹೋಸ್ ಪೈಪ್ ಬಳಸುವ ಕ್ರಮವನ್ನು ಗಮನಿಸಿ: ಮೊದಲು ಎಂಜಿನ್, ಅನಂತರ ನೀರು, ನಿಲ್ಲಿಸುವಾಗ ಮೊದಲು ನೀರು, ಕೊನೆಗೆ ಎಂಜಿನ್. ಇದನ್ನು ಅದಲುಬದಲು ಮಾಡಿದರೆ ಎಂಜಿನ್ನಿನೊಳಕ್ಕೆ ನೀರು ನುಗ್ಗುತ್ತದೆ. ಇಷ್ಟು ವರ್ಷ ಬೋಟ್ ಇಟ್ಟುಕೊಂಡವನಿಗೆ ಈ ಕ್ರಮ ಗೊತ್ತಿಲ್ಲದಿದ್ದರೆ ಉಳಿದ ನಿರ್ವಹಣೆ ಹೇಗಿದ್ದೀತೆಂದು ಊಹಿಸಿಕೊಳ್ಳಬಹುದು.

ಅಂಗಳದಲ್ಲಿ ಓಡಿದ ಎಂಜಿನ್ ಏನನ್ನೂ ಸಾಬೀತು ಮಾಡುವುದಿಲ್ಲ. ನೀರಿಗಿಳಿಸಿ ಅರ್ಧ ಗಂಟೆಯಾದರೂ ಓಡಿಸದೆ ಹಣ ಕೊಡಬಾರದು. ನಿಂತಲ್ಲಿಂದ ಒಮ್ಮೆಲೇ ಥ್ರಾಟಲ್ ಕೊಟ್ಟಾಗ ಬೋಟ್ ತಕ್ಷಣ ಮೇಲೆದ್ದು ಓಡಬೇಕು, ಎಚ್ಚರಿಕೆಯ ದೀಪ ಅಥವಾ ಬೀಪ್ ಸದ್ದು ಬರಬಾರದು, ಹಿಂತಿರುಗಿದ ಮೇಲೆ ಎಂಜಿನ್ ಕೋಣೆಯ ತಳದಲ್ಲಿ ಹೊಸ ನೀರು ನಿಂತಿರಬಾರದು. ದೊಡ್ಡ ಮೊತ್ತದ ಬೋಟಾದರೆ ಬೋಟ್ ಪರೀಕ್ಷಿಸಿ ವರದಿ ಕೊಡುವ ಮಾನ್ಯತೆ ಪಡೆದ ಮರೀನ್ ಸರ್ವೇಯರ್‌ನನ್ನು ಕರೆತರುವುದರಲ್ಲಿ ಜಿಪುಣತನ ಬೇಡ.

ಕಾಗದಪತ್ರಗಳಲ್ಲಿ ಮೊದಲ ಕೆಲಸ ಎಚ್‌ಐಎನ್ ಎಂಬ 12 ಅಕ್ಷರ, ಅಂಕಿಗಳ ಗುರುತು ಸಂಖ್ಯೆಯನ್ನು ಹೋಲಿಸುವುದು. ಹಿಂಬದಿಯ ಬಲಮೂಲೆಯಲ್ಲಿ ಒಡಲಿಗೆ ಅಚ್ಚಾಗಿರುವ ಈ ಸಂಖ್ಯೆ ಟೈಟಲ್ ಎಂಬ ಮಾಲೀಕತ್ವದ ಪತ್ರದಲ್ಲಿರುವುದಕ್ಕೆ ಅಕ್ಷರಶಃ ತಾಳೆಯಾಗಬೇಕು. ಅದರ ಮೊದಲ ಮೂರು ಅಕ್ಷರ ತಯಾರಕರ ಸಂಕೇತ. ಕೊನೆಯ ನಾಲ್ಕರಲ್ಲಿ ವಯಸ್ಸು ಅಡಗಿದೆ. ಉದಾಹರಣೆಗೆ, ಕೊನೆಯಲ್ಲಿ ಸಿ314 ಎಂದಿದ್ದರೆ ಸಿ ಎಂದರೆ ಮೂರನೆಯ ತಿಂಗಳು ಮಾರ್ಚ್, 3 ಎಂದರೆ 2013ರಲ್ಲಿ ತಯಾರಾದದ್ದು, 14 ಎಂದರೆ 2014ರ ಮಾದರಿ. ಟೈಟಲ್‌ನಲ್ಲಿ ಲೀಗಲ್ ಓನರ್ ಎಂಬ ಜಾಗದಲ್ಲಿ ಬ್ಯಾಂಕಿನ ಹೆಸರಿದ್ದರೆ ಸಾಲ ಇನ್ನೂ ತೀರಿಲ್ಲ ಅಥವಾ ಬಿಡುಗಡೆಯ ಪತ್ರ ಬಂದಿಲ್ಲ. ಅದು ಕೈಗೆ ಬರುವವರೆಗೆ ಮುಂಗಡವೂ ಬೇಡ. ಟ್ರೇಲರ್‌ಗೆ ಪ್ರತ್ಯೇಕ ದಾಖಲೆ ಇರುತ್ತದೆ ಎಂಬುದನ್ನು ನಮ್ಮವರಲ್ಲಿ ಅನೇಕರು ಮರೆಯುತ್ತಾರೆ.

ಕ್ಯಾಲಿಫೋರ್ನಿಯಾದಲ್ಲಿ ನೋಂದಣಿಯಾದ ಬೋಟಿನ ಸಂಖ್ಯೆ ಸಿಎಫ್ ಎಂದು ಆರಂಭವಾಗುತ್ತದೆ. ನೋಂದಣಿಯ ಅವಧಿ ಬೆಸ ವರ್ಷಗಳ ಡಿಸೆಂಬರ್ 31ಕ್ಕೆ ಮುಗಿಯುತ್ತದೆ. ವರ್ಗಾವಣೆಯ ಸಮಯದಲ್ಲಿ ಕೊಂಡ ಬೆಲೆಯ ಮೇಲೆ, ಮಾರಾಟ ತೆರಿಗೆಯಂಥದ್ದೇ ಆದ ಯೂಸ್ ಟ್ಯಾಕ್ಸ್ ಅನ್ನು ಡಿಎಂವಿಯೇ ವಸೂಲು ಮಾಡುತ್ತದೆ. ಅದರ ಜೊತೆಗೆ, ಜನವರಿ 1ರಂದು ಬೋಟ್ ಯಾರ ಹೆಸರಿನಲ್ಲಿದೆಯೋ ಅವರಿಗೆ ಕೌಂಟಿಯಿಂದ, ಅಂದರೆ ಜಿಲ್ಲಾಡಳಿತದಿಂದ, ಆಸ್ತಿ ತೆರಿಗೆಯ ಬಿಲ್ ಬರುತ್ತದೆ. ಕಾರಿಗೆ ಇಂಥದ್ದೊಂದು ಪ್ರತ್ಯೇಕ ಬಿಲ್ ಬರದ ಕಾರಣ ಮೊದಲ ವರ್ಷ ಹಲವರು ಇದನ್ನು ಮೋಸದ ಪತ್ರವೆಂದು ಬದಿಗಿಡುವುದುಂಟು. ಕಟ್ಟದಿದ್ದರೆ ದಂಡ ಸೇರುತ್ತದೆ. ಎಚ್-1ಬಿ ಕೆಲಸದ ವೀಸಾ ಅಥವಾ ಗ್ರೀನ್ ಕಾರ್ಡ್ ಮೇಲಿರುವವರು ಪೌರತ್ವದ ಬಗ್ಗೆ ಚಿಂತಿಸಬೇಕಿಲ್ಲ. ಕೋಸ್ಟ್ ಗಾರ್ಡ್‌ನ ಫೆಡರಲ್ ದಾಖಲಾತಿಗೆ ಅಮೆರಿಕದ ಪೌರತ್ವ ಬೇಕು, ಆದರೆ ಈ ಗಾತ್ರದ ಬೋಟುಗಳು ಆ ಪಟ್ಟಿಗೆ ಸೇರುವುದೇ ಇಲ್ಲ. ಅವು ರಾಜ್ಯದ ನೋಂದಣಿಯಲ್ಲಿರುತ್ತವೆ, ಅದಕ್ಕೆ ಪೌರತ್ವದ ಷರತ್ತಿಲ್ಲ.

ಎಳೆಯುವ ಗಾಡಿಯ ಲೆಕ್ಕವನ್ನೂ ಮುಂಚಿತವಾಗಿ ಹಾಕಬೇಕು. 19 ಅಡಿಯ ಬೋಟ್ ಒಂದೇ 2,000 ಪೌಂಡ್‌ಗಿಂತ ಹೆಚ್ಚು ತೂಗುತ್ತದೆ. ಟ್ರೇಲರ್, ತುಂಬಿದ ಟ್ಯಾಂಕ್ ಮತ್ತು ಸಾಮಾನು ಸೇರಿದರೆ 3,500 ಪೌಂಡ್ ಸಮೀಪಿಸುತ್ತದೆ ಅಥವಾ ದಾಟುತ್ತದೆ. ನಮ್ಮ ಮನೆಗಳ ಮುಂದೆ ಸಾಮಾನ್ಯವಾಗಿ ಕಾಣುವ ಟೊಯೋಟಾ ಸಿಯೆನಾ ಅಥವಾ ಟೆಸ್ಲಾ ಮಾಡೆಲ್ ವೈ ಎಳೆಯಬಲ್ಲ ಮಿತಿಯೇ 3,500 ಪೌಂಡ್. ಒದ್ದೆಯಾದ ಇಳಿಜಾರು ರ‍್ಯಾಂಪಿನಲ್ಲಿ ಮಿತಿಯ ಅಂಚಿನಲ್ಲಿ ಎಳೆಯುವುದು ವಿವೇಕವಲ್ಲ. ಟ್ರೇಲರ್ ಎಳೆಯುವಾಗ ಈ ರಾಜ್ಯದ ಹೆದ್ದಾರಿಯಲ್ಲಿ ಗಂಟೆಗೆ 55 ಮೈಲಿಯೇ ಗರಿಷ್ಠ ವೇಗ.

ಬೋಟ್ ಎಲ್ಲಿ ಇಳಿಸುತ್ತೀರಿ ಎಂಬುದೂ ಈಗ ಕೊಳ್ಳುವ ನಿರ್ಧಾರದ ಭಾಗವಾಗಿದೆ. 2024ರ ಅಕ್ಟೋಬರ್‌ನಲ್ಲಿ ಸ್ಟಾಕ್‌ಟನ್ ಬಂದರಿನಲ್ಲಿ ಗೋಲ್ಡನ್ ಮಸಲ್ ಎಂಬ ಪರದೇಶದ ಚಿಪ್ಪುಜೀವಿ ಪತ್ತೆಯಾದ ನಂತರ ಹಲವು ಜಲಾಶಯಗಳು ತಪಾಸಣೆ, ಸೀಲು ಮತ್ತು ದಿನಗಟ್ಟಲೆ ಒಣಗಿಸಿಡುವ ನಿಯಮಗಳನ್ನು ಬಿಗಿಗೊಳಿಸಿವೆ. ಇವು ನೀರಿನ ಕೊಳವೆಗಳಿಗೆ ಅಂಟಿಕೊಂಡು ಬೆಳೆದು ಅವುಗಳನ್ನೇ ಮುಚ್ಚಿಬಿಡುತ್ತವೆ. ಒಂದು ಕೆರೆಯಲ್ಲಿ ಓಡಿಸಿದ ಬೋಟನ್ನು ಮರುವಾರ ಇನ್ನೊಂದಕ್ಕೆ ಬಿಡದೇ ಇರಬಹುದು. ಪಂಪಿನೊಳಗೆ ನೀರು ಉಳಿಯುವುದರಿಂದ ಜೆಟ್ ಬೋಟುಗಳನ್ನು ತಪಾಸಣೆಯವರು ಹೆಚ್ಚು ಹೊತ್ತು ನೋಡುತ್ತಾರೆ. ಆದ್ದರಿಂದ ಮನೆಗೆ ಹತ್ತಿರದ ಜಲಾಶಯದ ಇಂದಿನ ನಿಯಮವನ್ನು ಅದರ ಕಚೇರಿಗೇ ಕೇಳಿ ತಿಳಿದುಕೊಂಡು ಆಮೇಲೆ ಬೋಟ್ ಹುಡುಕಿ. ಸಿಹಿನೀರಿನಲ್ಲಿ ಓಡಿಸಲು ಮಸಲ್ ಶುಲ್ಕದ ಸ್ಟಿಕ್ಕರ್ ಕೂಡ ಬೇಕು.

ಕೊಂಡ ಮೇಲೆ ಮೊದಲ ವಾರದಲ್ಲೇ ಕೋಸ್ಟ್ ಗಾರ್ಡ್ ಆಕ್ಸಿಲಿಯರಿಯ ಸ್ವಯಂಸೇವಕರಿಂದ ಉಚಿತ ಸುರಕ್ಷತಾ ತಪಾಸಣೆ ಮಾಡಿಸಿಕೊಳ್ಳಬಹುದು. ಅವರು ದಂಡ ಹಾಕುವುದಿಲ್ಲ, ಏನು ಕೊರತೆ ಎಂದು ಹೇಳಿ ಹೋಗುತ್ತಾರೆ. ಪ್ರತಿಯೊಬ್ಬರಿಗೂ ಅಳತೆಗೆ ಸರಿಯಾದ ಲೈಫ್ ಜಾಕೆಟ್, ಎಸೆಯಬಹುದಾದ ತೇಲುವ ಸಾಧನ, ತಯಾರಾಗಿ 12 ವರ್ಷ ದಾಟದ ಅಗ್ನಿಶಾಮಕ ಇರಬೇಕು. ಇಂಥ ಬೋಟ್ ಚಲಿಸುವಾಗ 13 ವರ್ಷದೊಳಗಿನ ಮಕ್ಕಳು ಜಾಕೆಟ್ ತೊಟ್ಟಿರಲೇಬೇಕು. ಬೆಂಗಳೂರಿನಲ್ಲಿ ಬೆಳೆದ ನಮ್ಮಲ್ಲಿ ಅನೇಕರಿಗೆ ಈಜು ಬರುವುದಿಲ್ಲವಾದ್ದರಿಂದ ಊರಿನಿಂದ ಬಂದ ಹಿರಿಯರಿಗೂ ಇದೇ ನಿಯಮವೆಂದು ಮನೆಯಲ್ಲಿಯೇ ತೀರ್ಮಾನಿಸಿಕೊಳ್ಳುವುದು ಉತ್ತಮ. ಎಂಜಿನ್ ನಿಲ್ಲಿಸುವ ಸುರಕ್ಷತಾ ಹಗ್ಗವನ್ನು ಚಾಲಕ ಮೈಗೆ ಕಟ್ಟಿಕೊಳ್ಳುವುದನ್ನು 2021ರ ಏಪ್ರಿಲ್ 1ರಿಂದ ಫೆಡರಲ್ ಕಾನೂನು ಕಡ್ಡಾಯಗೊಳಿಸಿದೆ. ಎಂಜಿನ್ ಚಾಲೂ ಮಾಡುವ ಮುನ್ನ ಪೆಟ್ರೋಲ್ ಆವಿ ಹೊರಹೋಗಲು ಎಂಜಿನ್ ಕೋಣೆಯ ಬ್ಲೋವರ್ ಫ್ಯಾನ್ ಅನ್ನು ನಾಲ್ಕು ನಿಮಿಷ ಓಡಿಸಬೇಕು.

ಪ್ರೊಪೆಲ್ಲರ್ ಇಲ್ಲವೆಂಬ ನಂಬಿಕೆಯಿಂದ ಹಿಂಬದಿಯಲ್ಲಿ ಸಡಿಲವಾಗಿರುವ ಅಪಾಯ ಜೆಟ್ ಬೋಟಿಗೆ ವಿಶೇಷವಾದದ್ದು. ಎಂಜಿನ್ ಚಾಲೂ ಇರುವಾಗ ತಳದ ಜಾಲರಿ ಉದ್ದ ಕೂದಲು, ಹಗ್ಗ, ಸಡಿಲ ಬಟ್ಟೆಯನ್ನು ಎಳೆದುಕೊಳ್ಳುತ್ತದೆ. ನಳಿಕೆಯ ನೀರಿನ ರಭಸ ಹಿಂದೆ ಬಿದ್ದವರ ದೇಹದೊಳಗೆ ನುಗ್ಗಿ ತೀವ್ರ ಗಾಯ ಮಾಡಬಲ್ಲದು. ಈಜುಡುಗೆಯಷ್ಟೇ ಇದಕ್ಕೆ ಸಾಲದೆಂದು ತಯಾರಕರೇ ಎಚ್ಚರಿಕೆಯ ಚೀಟಿ ಅಂಟಿಸಿರುತ್ತಾರೆ. ಆ ಚೀಟಿ ಮಾಸಿದ್ದರೆ ಹೊಸದನ್ನು ತರಿಸಿ ಅಂಟಿಸಿ, ಯಾರಾದರೂ ಹಿಂಬದಿಯ ಮೆಟ್ಟಿಲಿಗೆ ಕಾಲಿಡುವ ಮುನ್ನ ಎಂಜಿನ್ ಆಫ್ ಮಾಡಿ ಕೀಲಿ ಕೈಗೆ ತೆಗೆದುಕೊಳ್ಳಿ.