ಚಿಪ್ ಮೇಲೆ ಸ್ಕ್ವೀಜ್ಡ್ ಲೈಟ್: ಮೊದಲು ನಷ್ಟದ ಲೆಕ್ಕ, ಆಮೇಲೆ ಪಂಪ್

ಬೆಳಕೇ ಇಲ್ಲದಾಗಲೂ ಉಳಿಯುವ ಕ್ವಾಂಟಮ್ ಗದ್ದಲವೇ ವ್ಯಾಕ್ಯೂಮ್ ನಾಯ್ಸ್; ಒಂದು ಫೇಸಿನಲ್ಲಿ ನಾಯ್ಸ್ ಅದಕ್ಕಿಂತಲೂ ಕೆಳಗಿಳಿದ ಬೆಳಕು ಸ್ಕ್ವೀಜ್ಡ್ ಲೈಟ್. ಇಲ್ಲಿ ಅದನ್ನು ಚಿಪ್ ಮೇಲಿನ ಪುಟ್ಟ ರಿಂಗಿಗೆ ಪಂಪ್ ಲೇಸರ್ ಹಾಯಿಸಿ ಹುಟ್ಟಿಸುತ್ತೇವೆ. ಪಂಪ್ ಪವರ್ ಏರಿಸುವ ಮುಂಚೆ ಪೆನ್ನು ಹಿಡಿದು ಕೂತು ನಷ್ಟ ಎಷ್ಟೆಂದು ಗುಣಿಸಿ. ರಿಂಗಿನಿಂದ ಅದರ ಪಕ್ಕದಲ್ಲೇ ಬೆಳಕನ್ನು ತಂದು ಒಯ್ಯುವ ಬಸ್ ವೇವ್‌ಗೈಡಿಗೆ ಬರುವ ದಕ್ಷತೆ 0.90. ಚಿಪ್‌ನಿಂದ ಫೈಬರಿಗೆ 1.5 ಡಿಬಿ ಹೋದರೆ ಉಳಿಯುವುದು 0.71. ಫಿಲ್ಟರಿನ 0.5 ಡಿಬಿ ಕಳೆದು 0.89, ಫೋಟೊಡಯೋಡ್ 0.98. ಒಟ್ಟು 0.56. ಅಲ್ಲಿಗೆ ಮುಗಿಯಿತು: ಪಂಪ್ ಎಷ್ಟೇ ಏರಿಸಿದರೂ ಡಿಟೆಕ್ಟರಿನಲ್ಲಿ ಕಾಣುವ ನಾಯ್ಸ್ ಇಳಿತ (ಸ್ಕ್ವೀಜಿಂಗ್) 3.5 ಡಿಬಿ ದಾಟುವುದಿಲ್ಲ, ಏಕೆಂದರೆ ಕಳೆದುಹೋದ ಬೆಳಕಿನ ಜಾಗಕ್ಕೆ ವ್ಯಾಕ್ಯೂಮ್ ನಾಯ್ಸ್ ಬಂದು ಸೇರುತ್ತದೆ. ಫೈಬರ್ ಜೋಡಣೆಯ ನಷ್ಟವನ್ನು 0.8 ಡಿಬಿಗೆ ಇಳಿಸಿದರೆ ಇದೇ ಮಿತಿ 4.6 ಡಿಬಿ ಆಗುತ್ತದೆ. ದುಬಾರಿ ಆಂಪ್ಲಿಫೈಯರ್ ತಂದರೆ ಇದು ಸಿಗದು.

ಚಿಪ್‌ಗೆ ಸಿಲಿಕಾನ್ ನೈಟ್ರೈಡ್ ಸಾಕು: 800 ನ್ಯಾನೊಮೀಟರ್ ದಪ್ಪ, ಸುಮಾರು 1.6 ಮೈಕ್ರಾನ್ ಅಗಲ. ರಿಂಗಿನ ತ್ರಿಜ್ಯ 230 ಮೈಕ್ರಾನ್ ಇಟ್ಟರೆ, ರಿಂಗ್ ಒಪ್ಪುವ ಆವರ್ತನಗಳಾದ ರೆಸೊನೆನ್ಸ್‌ಗಳ ನಡುವೆ ಹತ್ತಿರ ಹತ್ತಿರ 100 ಗಿಗಾಹರ್ಟ್ಜ್. ಒಳಗಿನ ಕ್ಯೂ (ರಿಂಗ್ ಬೆಳಕನ್ನು ಎಷ್ಟು ಹೊತ್ತು ಹಿಡಿದಿಡುತ್ತದೆ ಎಂಬ ಅಳತೆ) 50 ಲಕ್ಷ ಇದ್ದರೆ, ಬಸ್ಸಿಗೆ ಸೋರುವುದನ್ನೂ ಸೇರಿಸಿದ ಲೋಡೆಡ್ ಕ್ಯೂ 5 ಲಕ್ಷಕ್ಕೆ ಇಳಿಯುವಷ್ಟು ರಿಂಗು ಬಸ್ಸಿನ ನಡುವಿನ ಗ್ಯಾಪ್ ಕಿರಿದಾಗಿರಲಿ. ಬಸ್ಸಿಗೆ ಸೋರುವುದೂ ರಿಂಗಿನೊಳಗಿನ ನಷ್ಟವೂ ಸಮವಾಗುವ ಕ್ರಿಟಿಕಲ್ ಕಪ್ಲಿಂಗಿನಲ್ಲಿ ಬಸ್ ದಾಟುವ ಬೆಳಕು ತೋರಿಸುವ ಆಳವಾದ ಕುಸಿತ (ಡಿಪ್) ನೋಡಿ ಮರುಳಾಗಬೇಡಿ; ಅಲ್ಲಿ ಅರ್ಧ ಬೆಳಕು ರಿಂಗಿನಲ್ಲೇ ಸಾಯುತ್ತದೆ. ನಮಗೆ ಬೇಕಾದ ಡಿಪ್ಪಿನಲ್ಲಿ ದಾಟುವ ಬೆಳಕು ಶೇ. 64ರವರೆಗೆ ಮಾತ್ರ ಇಳಿಯುತ್ತದೆ. ಅಂಡರ್‌ಕಪಲ್ಡ್ (ಬಸ್ಸಿಗೆ ತೀರಾ ಕಡಿಮೆ ಸೋರುವ) ರಿಂಗೂ ಅಷ್ಟೇ ಆಳ ತೋರಿಸಬಹುದು, ಹಾಗಾಗಿ ಡಿಪ್ಪಿನ ಅಗಲ (ಲೈನ್‌ವಿಡ್ತ್) ಅಳೆಯಿರಿ: ಸುಮಾರು 390 ಮೆಗಾಹರ್ಟ್ಜ್ ಇರಬೇಕು, 40ರ ಆಸುಪಾಸು ಬಂದರೆ ಗ್ಯಾಪ್ ತಪ್ಪಿದೆ. ಇದಕ್ಕೆ ತೆರಬೇಕಾದ ಬೆಲೆಯೂ ಇದೆ, ಥ್ರೆಶೋಲ್ಡ್ (ರಿಂಗ್ ತಾನಾಗಿಯೇ ಹೊಸ ಬೆಳಕು ಹೊಮ್ಮಿಸಲು ಬೇಕಾದ ಪಂಪ್ ಪವರ್) ಕ್ರಿಟಿಕಲ್ ಕಪ್ಲಿಂಗಿಗೆ ಹೋಲಿಸಿದರೆ ಸುಮಾರು 14 ಪಟ್ಟು ಏರುತ್ತದೆ.

ಎರಡು ಪಂಪ್‌ಗಳನ್ನೂ ಅಳತೆಗೆ ಹೋಲಿಕೆಯ ಬೆಳಕಾದ ಲೋಕಲ್ ಆಸಿಲೇಟರನ್ನೂ ಒಂದೇ 1550 ನ್ಯಾನೊಮೀಟರ್ ಲೇಸರಿನಿಂದ ತೆಗೆಯಿರಿ. ಮಾಡ್ಯುಲೇಟರನ್ನು 25 ಗಿಗಾಹರ್ಟ್ಜ್ ಹತ್ತಿರ ಓಡಿಸಿ, ಆಚೀಚೆಯ ನಾಲ್ಕನೇ ಗೆರೆಗಳು ಪಂಪ್, ನಡುವಿನದು ಆಸಿಲೇಟರ್; ಸ್ಕ್ವೀಜ್ಡ್ ಬೆಳಕು ಹುಟ್ಟುವುದೂ ಆ ನಡುವಿನ ರೆಸೊನೆನ್ಸಿನಲ್ಲೇ. ಚಿಪ್‌ಗೆ ಮುಂಚೆ ಆಂಪ್ಲಿಫೈಯರಿನ ಹಿನ್ನೆಲೆ ಬೆಳಕನ್ನು ಸೋಸಿ, ಆಚೆಗೆ ಪಂಪನ್ನು 50 ಡಿಬಿಯಾದರೂ ತಡೆಯಿರಿ. ಒಂದೊಂದು ಪಂಪೂ ತಾನೇ ಹುಟ್ಟಿಸುವ ಜೋಡಿಯ ಒಂದು ಫೋಟಾನ್ ಆ ನಡುವಿನ ರೆಸೊನೆನ್ಸಿಗೇ ಬಂದು ಬಿದ್ದು ನಾಯ್ಸ್ ಸೇರಿಸುತ್ತದೆ. ಪಕ್ಕದಲ್ಲೊಂದು ಸಹಾಯಕ ರಿಂಗ್ ಇಟ್ಟು ಜೋಡಿಯ ಇನ್ನೊಂದು ಫೋಟಾನ್ ಬೀಳುವ ಹೊರಗಿನ ರೆಸೊನೆನ್ಸನ್ನು ಸರಿಸುವುದೇ ಇದಕ್ಕೆ ಮದ್ದು.

ಚಿಕ್ಕಬಳ್ಳಾಪುರ ಸುತ್ತಮುತ್ತ ಕ್ರಷರ್ ಧೂಳು ಕಾಟ ಕೊಡುತ್ತದೆ. ಫೈಬರ್ ತುದಿಯಲ್ಲಿ ಜಲ್ಲಿ ಪುಡಿಯ ಒಂದು ಕಣ ಕೂತರೆ 100 ಮಿಲಿವ್ಯಾಟಿಗೆ ಕನೆಕ್ಟರ್ ಸುಟ್ಟುಹೋಗಬಹುದು, ಆದ್ದರಿಂದ ಪ್ರತಿ ಸಲ ಸ್ಕೋಪಿನಲ್ಲಿ ನೋಡಿಯೇ ಜೋಡಿಸಿ. ಕ್ವಾರಿ ಸಿಡಿತದ ಹೊತ್ತಿಗೆ ಅಳತೆ ಬೇಡ. ರೆಸೊನೆನ್ಸ್ ಒಂದು ಡಿಗ್ರಿಗೆ ಸುಮಾರು 2.5 ಗಿಗಾಹರ್ಟ್ಜ್ ಸರಿಯುವುದರಿಂದ 0.15 ಡಿಗ್ರಿ ತಪ್ಪಿದರೂ ಒಂದು ಲೈನ್‌ವಿಡ್ತ್ ಹೋಯಿತು. ಚಿಪ್ ತಾಪ 0.01 ಡಿಗ್ರಿಯೊಳಗೆ ನಿಲ್ಲಲಿ. ಲೇಸರ್, ತಾಪ ನಿಯಂತ್ರಕ ಎರಡೂ ಆನ್‌ಲೈನ್ ಯುಪಿಎಸ್ ಮೇಲಿರಲಿ. ಬೋರ್‌ವೆಲ್ ಮೋಟಾರ್ ಶುರುವಾದಾಗ ವೋಲ್ಟೇಜ್ ಕುಸಿದರೆ ಲೇಸರನ್ನು ರೆಸೊನೆನ್ಸಿಗೆ ಕಟ್ಟಿದ ಲಾಕ್ ಬಿಟ್ಟುಹೋಗುತ್ತದೆ.

ಸಿಗ್ನಲನ್ನು ಆಸಿಲೇಟರ್ ಜೊತೆ ಬೆರೆಸಿ ನಾಯ್ಸ್ ಅಳೆಯುವ ಹೋಮೋಡೈನಿಗೆ ಸುಮಾರು 5 ಮಿಲಿವ್ಯಾಟ್ ಆಸಿಲೇಟರ್ ಸಾಕು. ಸಿಗ್ನಲ್ ಮುಚ್ಚಿ ಆಸಿಲೇಟರ್ ಪವರ್ ಎರಡು ಪಟ್ಟು ಮಾಡಿ. ನಾಯ್ಸ್ 3 ಡಿಬಿ ಏರಿದರೆ ಅದು ಬೆಳಕಿನ ಸಹಜ ಕ್ವಾಂಟಮ್ ಗದ್ದಲವಾದ ಶಾಟ್ ನಾಯ್ಸ್, 6 ಡಿಬಿ ಏರಿದರೆ ಲೇಸರಿನದೇ ಗದ್ದಲ, ಎರಡು ಫೋಟೊಡಯೋಡ್‌ಗಳ ಬ್ಯಾಲೆನ್ಸ್ ಸರಿಮಾಡಿ. ಕೆಲವು ಮೆಗಾಹರ್ಟ್ಜ್‌ಗಿಂತ ಕೆಳಗೆ ರಿಂಗಿನ ಉಷ್ಣ ನಾಯ್ಸ್ ಇರುತ್ತದೆ, 20ರಿಂದ 100ರ ನಡುವೆ ಅಳೆಯಿರಿ.

ಆಂಟಿಸ್ಕ್ವೀಜಿಂಗ್ (ಎದುರು ಫೇಸಿನಲ್ಲಿ ಹೆಚ್ಚಾಗುವ ನಾಯ್ಸ್) 10 ಡಿಬಿ ಇದ್ದು ಫೇಸ್ 5 ಡಿಗ್ರಿ ಅಲ್ಲಾಡಿದರೆ, ಮೇಲಿನ ನಷ್ಟದ ಲೆಕ್ಕದಲ್ಲಿ 3.2 ಡಿಬಿ ಕಾಣಬೇಕಾದಲ್ಲಿ 2.6 ಕಾಣುತ್ತದೆ. ಆಗ ಪಂಪ್ ತಗ್ಗಿಸಿ ನೋಡಿ, ಆಂಟಿಸ್ಕ್ವೀಜಿಂಗ್ ಇಳಿದು ಅಳತೆಗೆ ಬೆರೆಯುವುದೂ ಕಡಿಮೆಯಾಗುತ್ತದೆ.